ಹಳೆ ಎಂಎಕ್ಸ್-5ಗೆ ಹೋಂಡಾ ಕೆ24 ಎಂಜಿನ್ ಕೂರಿಸಬೇಕು, ಮಾಡಿದವರು ಹೇಳಿ

ನನ್ನ ಹತ್ತಿರ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇದೆ, ಎರಡು ಸೀಟಿನ ಸ್ಪೋರ್ಟ್ಸ್ ಕಾರು, 1.6 ಲೀಟರ್. ಬಾಡಿ ಗಟ್ಟಿಯಾಗಿದೆ, ತುಕ್ಕಿಲ್ಲ. ಎಂಜಿನ್ ಮಾತ್ರ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತಿದೆ. ರಿಪೇರಿ ಮಾಡಿಸುವ ಬದಲು ಹೋಂಡಾ ಕೆ24 ಹಾಕೋಣ ಅನ್ನೋ ಹುಚ್ಚು ಹಿಡಿದಿದೆ. ಶನಿವಾರ, ಭಾನುವಾರ ಓಡಿಸಲು, ಆಗಾಗ ಟ್ರ್ಯಾಕ್‌ಗೆ. ಸ್ಪ್ಯಾನರ್ ಕೆಲಸ ಬರುತ್ತದೆ, ವೆಲ್ಡಿಂಗ್ ಗೆಳೆಯ ಮಾಡಿಕೊಡುತ್ತಾನೆ, ವೈರಿಂಗ್ ಅಂದರೆ ಭಯ. ಕಾರು ಪೂರ್ತಿ ನನ್ನ ರುಚಿಗೆ ತಕ್ಕಂತೆ ಇರಬೇಕು. ಎಲ್ಲಿಂದ ಶುರು ಮಾಡಲಿ? ಜನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ?

* * *

ಎಂಜಿನ್ ಯಾವುದು ಅಂತ ಆರಿಸಿಬಿಟ್ಟಿದ್ದೀರಿ, ಈ ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಸುಲಭ. ಕಷ್ಟ ಇರುವುದು ಎಂಜಿನ್ ಮತ್ತು ಕಾರು ಒಂದನ್ನೊಂದು ಮುಟ್ಟುವ ಜಾಗಗಳಲ್ಲಿ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ), ಮೌಂಟ್ (ಎಂಜಿನ್ ಹಿಡಿಯುವ ಆಧಾರ), ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಗೂಡು), ಎಕ್ಸಾಸ್ಟ್, ನೀರಿನ ಹೋಸ್, ವೈರ್. ದುಡ್ಡೂ ಅಲ್ಲೇ ಹೋಗುತ್ತದೆ.

ಕೆ24 ಒಳ್ಳೆಯ ಆಯ್ಕೆಯೇ. ನಿಮ್ಮ ಹಳೆಯದು 1597 ಸಿಸಿ, ಬ್ಲಾಕ್ ಕಬ್ಬಿಣದ್ದು. ಇದು 2354 ಸಿಸಿ, ಬ್ಲಾಕ್ ಅಲ್ಯೂಮಿನಿಯಂ. ಅಂದರೆ ಮುಂದಿನ ಚಕ್ರಗಳ ಮೇಲೆ ಭಾರ ಹೇರದೆ ಶಕ್ತಿ ಸಿಗುತ್ತದೆ, ಎಂಎಕ್ಸ್-5ರ ಸೊಗಸಾದ ತಿರುವು ಕೆಡುವುದಿಲ್ಲ. ಆದರೆ ಎತ್ತರ ನೋಡಿಕೊಳ್ಳಿ. ಅದೇ ಮನೆತನದ ಚಿಕ್ಕ ಎಂಜಿನ್ ಕೆ20ರ ಬ್ಲಾಕ್‌ನ ಡೆಕ್ ಎತ್ತರ (ಕ್ರ್ಯಾಂಕ್ ನಡುವಿನಿಂದ ಬ್ಲಾಕ್ ಮೇಲ್ಭಾಗದವರೆಗೆ) 212 ಮಿ.ಮೀ., ಕೆ24 ಬ್ಲಾಕ್‌ನದು 231.5. ಈ ಎರಡು ಸೆಂಟಿಮೀಟರ್ ಬಾನೆಟ್ ಕೆಳಗೆ ತುಂಬಾ ದೊಡ್ಡದು. ಎಂಜಿನ್ ಕೆಳಗಿಳಿಸೋಣ ಅಂದರೆ ಅಲ್ಲಿ ಮುಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಚೌಕಟ್ಟು) ಇದೆ, ಹೋಂಡಾದ ಸಂಪ್ ಅದಕ್ಕೆ ಬಡಿಯುತ್ತದೆ. ಇದೇ ಕಾರಿಗೆ ಅಂತ ಮಾಡಿದ ಸಂಪ್ ಬೇಕೇ ಬೇಕು.

ಇನ್ನೊಂದು ವಿಷಯ ಜನ ತಡವಾಗಿ ಗಮನಿಸುತ್ತಾರೆ. ಹೋಂಡಾದಲ್ಲಿ ಈ ಎಂಜಿನ್ ಅಡ್ಡ ಕೂತಿರುತ್ತದೆ, ಎಕ್ಸಾಸ್ಟ್ ಕ್ಯಾಬಿನ್ ಕಡೆಗೆ. ಅದನ್ನು ಉದ್ದಕ್ಕೆ ತಿರುಗಿಸಿ ಗೇರ್‌ಬಾಕ್ಸ್ ಹಿಂದೆ ಬರುವಂತೆ ಇಟ್ಟರೆ ಎಕ್ಸಾಸ್ಟ್ ಬಲಗಡೆಗೆ ಬರುತ್ತದೆ. ನಿಮ್ಮ ಕಾರಿನ ಸ್ಟೀರಿಂಗ್ ಎಡಗಡೆ ಇದ್ದರೆ ನೆಮ್ಮದಿ. ಬಲಗಡೆ ಇದ್ದರೆ ಸ್ಟೀರಿಂಗ್ ಶಾಫ್ಟ್ ಮತ್ತು ಎಕ್ಸಾಸ್ಟ್ ಒಂದೇ ಜಾಗಕ್ಕೆ ಜಗಳ ಆಡುತ್ತವೆ, ಆಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಕೂಡಿಸುವ ಪೈಪುಗಳು) ಬಲಗಡೆ ಸ್ಟೀರಿಂಗ್ ಕಾರಿಗೆ ಹೊಂದುತ್ತದಾ ಅಂತ ಕೇಳಿಯೇ ಕೊಳ್ಳಿ. ಹಾಗೇ ನಂತರ ಬಂದ ಕೆಲವು ಕೆ24ಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್‌ನ ಒಳಗೇ ಸೇರಿಕೊಂಡಿರುತ್ತದೆ, ಹೊರಗೆ ಕಾಣುವುದು ಒಂದೇ ತೂತು. ಅವಕ್ಕೆ ನಾಲ್ಕು ಪೈಪಿನ ಹೆಡರ್ (ಹೊರಗೆ ಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್) ಕೂರುವುದೇ ಇಲ್ಲ. ಹೆಡ್ ನೋಡದೆ ಎಂಜಿನ್‌ಗೆ ಮುಂಗಡ ಕೊಡಬೇಡಿ.

* * *

ನಾನು ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ. ಅದೇ ಮಜ್ದಾದ 1.8, ಅಂದರೆ ಬಿಪಿ ಎಂಜಿನ್ ಯಾಕೆ ಬೇಡ? 1.6ರ ಜಾಗಕ್ಕೆ ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಆಮೇಲೆ ಬೇಕಾದರೆ ಟರ್ಬೊ ಹಾಕಿ. ನನ್ನದು ಹಾಗೇ ಇದೆ. ಕಾರು ಶೆಡ್‌ನಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಜಾಸ್ತಿ.

ಕೆ24 ಹಾಕುವುದೇ ಸೈ ಅಂದರೆ ಮೊದಲು ನಿಮ್ಮ ಕಡೆಯ ನೋಂದಣಿ ನಿಯಮ ಓದಿ. ಬೇರೆ ಕಂಪನಿಯ ಎಂಜಿನ್ ಹಾಕಲು ಬಿಡುತ್ತಾರಾ, ಹೊಗೆ ತಪಾಸಣೆ ಕಾರಿನ ವರ್ಷಕ್ಕೆ ನೋಡುತ್ತಾರಾ ಎಂಜಿನ್ ವರ್ಷಕ್ಕೆ ನೋಡುತ್ತಾರಾ, ವಿಮೆಯವರಿಗೆ ಏನು ತಿಳಿಸಬೇಕು. ದೇಶದಿಂದ ದೇಶಕ್ಕೆ ಇದು ಬೇರೆ. ಎಲ್ಲಾ ಮುಗಿಸಿದ ಮೇಲೆ ಕಾರು ಟ್ರ್ಯಾಕ್‌ಗೆ ಮಾತ್ರ ಅಂತ ಗೊತ್ತಾದರೆ ಅದಕ್ಕಿಂತ ಬೇಸರ ಬೇರೆ ಇಲ್ಲ.

* * *

ವೈರಿಂಗ್ ಅಂದರೆ ಭಯ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಮಾಡುವುದೇ ಆ ಕೆಲಸ.

ಭಯ ಪಡುವಂಥದ್ದು ಕಡಿಮೆ, ತಾಳ್ಮೆ ಬೇಕಾದದ್ದು ಜಾಸ್ತಿ. ಮೊದಲ ತಲೆಮಾರಿನ ಎಂಎಕ್ಸ್-5 ಬಂದದ್ದು 1989ರಲ್ಲಿ. ಅದರಲ್ಲಿ ಕ್ಯಾನ್ ಬಸ್ (ಕಾರಿನ ಕಂಪ್ಯೂಟರ್‌ಗಳನ್ನು ಬೆಸೆಯುವ ಜಾಲ) ಇಲ್ಲ, ಎಂಜಿನ್ ಬದಲಾಯಿತು ಅಂತ ಮುನಿಸಿಕೊಳ್ಳುವ ಕಂಪ್ಯೂಟರ್‌ಗಳು ಇಲ್ಲ. ಹೊಸ ಕಾರುಗಳಲ್ಲಿ ಮೀಟರ್, ಎಬಿಎಸ್, ಪವರ್ ಸ್ಟೀರಿಂಗ್ ಎಲ್ಲಾ ಒಂದಕ್ಕೊಂದು ಮಾತಾಡುತ್ತಿರುತ್ತವೆ, ಅಲ್ಲಿ ತಲೆನೋವು. ನಿಮಗೆ ಅದಿಲ್ಲ. ಸ್ಪೀಡೋಮೀಟರ್ ಕೂಡ ಗೇರ್‌ಬಾಕ್ಸ್‌ನಿಂದ ಬರುವ ಕೇಬಲ್. ಮಜ್ದಾ ಗೇರ್‌ಬಾಕ್ಸ್ ಉಳಿಸಿಕೊಂಡರೆ ಅದು ತಾನಾಗಿ ಕೆಲಸ ಮಾಡುತ್ತದೆ.

ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದರ ವಿಷಯಕ್ಕೆ ಬಂದರೆ ಎರಡು ದಾರಿ. ಹೋಂಡಾದ ಇಸಿಯು ಇಟ್ಟುಕೊಂಡು ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಬೀಗ) ತೆಗೆಸಿ ಟ್ಯೂನ್ ಮಾಡಿಸಿ, ಇಲ್ಲವೇ ಹಾಲ್‌ಟೆಕ್, ಲಿಂಕ್ ಥರದ ಸ್ವತಂತ್ರ ಇಸಿಯು ಹಾಕಿ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ, ಆದರೆ ನಿಮ್ಮ ಹತ್ತಿರದ ಟ್ಯೂನರ್‌ಗೆ ಯಾವುದು ಚೆನ್ನಾಗಿ ಬರುತ್ತದೋ ಅದೇ ನಿಮಗೆ ಒಳ್ಳೆಯ ಇಸಿಯು. ಇಂಟರ್ನೆಟ್‌ನಲ್ಲಿ ಜನ ಹೊಗಳಿದ್ದು ಅಂತ ತಂದು, ಅದರ ಸಾಫ್ಟ್‌ವೇರ್ ಗೊತ್ತಿರುವವರು ಯಾರೂ ಇಲ್ಲದೆ ಕೂತವರನ್ನು ನೋಡಿದ್ದೇನೆ. ಥ್ರಾಟಲ್ ಕೇಬಲ್‌ದಾ ಎಲೆಕ್ಟ್ರಾನಿಕ್ಕಾ ಅಂತ ಎಂಜಿನ್ ತರುವಾಗಲೇ ನೋಡಿ. ಎಲೆಕ್ಟ್ರಾನಿಕ್ ಆದರೆ ಪೆಡಲ್ ಕೂಡ ಅದೇ ಕಾರಿನಿಂದ ಬಿಚ್ಚಿ ತನ್ನಿ. ಲೂಮ್ (ವೈರ್‌ಗಳ ಕಟ್ಟು) ಎಂಜಿನ್ ಮೇಲೇ ಇರಲಿ, ವೈರ್ ಕತ್ತರಿಸಿ ಕೊಡುವ ಗುಜರಿಯವರ ಹತ್ತಿರ ಹೋಗಲೇಬೇಡಿ.

ಮೀಟರ್‌ಗೆ ಹೋಗುವ ಟೆಂಪರೇಚರ್ ಸೆನ್ಸರ್ ಮಜ್ದಾದ್ದೇ ಇರಲಿ, ಇಸಿಯುಗೆ ಹೋಂಡಾದ್ದು ಬೇರೆ ಇರಲಿ. ಒಂದೇ ಸೆನ್ಸರ್‌ನಿಂದ ಎರಡಕ್ಕೂ ಎಳೆದರೆ ಎರಡೂ ತಪ್ಪು ತೋರಿಸುತ್ತವೆ. ಹಳೆ ಟ್ಯಾಕೋಮೀಟರ್ ಇಗ್ನಿಷನ್ ಕಾಯಿಲ್‌ನ ಸಿಗ್ನಲ್ ನಂಬಿಕೊಂಡಿದ್ದು, ಹೊಸ ಇಸಿಯುನ ಟ್ಯಾಕೋ ಔಟ್‌ಪುಟ್‌ಗೆ ಕೆಲವೊಮ್ಮೆ ಒಂದು ಪುಲ್‌ಅಪ್ ರೆಸಿಸ್ಟರ್ (ಸಿಗ್ನಲ್ ವೋಲ್ಟೇಜ್ ಎತ್ತಿ ಹಿಡಿಯುವುದು) ಸೇರಿಸಿದರೆ ಮುಳ್ಳು ಏಳುತ್ತದೆ.

ಮತ್ತೆ ಅರ್ಥಿಂಗ್. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಿಮ್ಮ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ, ಎಂಜಿನ್ ಮುಂದಿದೆ, ಸ್ಟಾರ್ಟರ್ ಎಳೆಯುವ ಕರೆಂಟ್ ಅಷ್ಟೂ ಬಾಡಿ ಮೂಲಕ ವಾಪಸ್ ಹೋಗಬೇಕು. ಬ್ಲಾಕ್‌ನಿಂದ ಬಾಡಿಗೆ ದಪ್ಪ ಪಟ್ಟಿ ಇಲ್ಲದಿದ್ದರೆ ಆ ಕರೆಂಟ್ ಥ್ರಾಟಲ್ ಕೇಬಲ್‌ನಲ್ಲೋ ಸೆನ್ಸರ್ ಅರ್ಥ್‌ನಲ್ಲೋ ದಾರಿ ಹುಡುಕಿಕೊಳ್ಳುತ್ತದೆ. ಮಲ್ಟಿಮೀಟರ್‌ನ ಒಂದು ಮೊನೆ ಬ್ಲಾಕ್‌ಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಕ್ರ್ಯಾಂಕ್ ಮಾಡಿಸಿ. ಅರ್ಧ ವೋಲ್ಟ್ ಕಂಡರೂ ಎಲ್ಲೋ ಬಣ್ಣದ ಮೇಲೆ ಬೋಲ್ಟ್ ಹಾಕಿದ್ದೀರಿ ಅಂತ ತಿಳಿಯಿರಿ. ಕೆರೆದು ಹಾಕಿ.

* * *

ಕೂಲಿಂಗ್ ಬಗ್ಗೆ ಯಾರೂ ಹೇಳಲಿಲ್ಲ.

ಟ್ರ್ಯಾಕ್‌ಗೆ ಹೋಗುತ್ತೀರಿ ಅಂದರೆ ಕೈಗೆ ಸಿಕ್ಕ ದೊಡ್ಡ ರೇಡಿಯೇಟರ್ ತಂದು ತುರುಕಿದರೆ ಸಾಲದು. ಗಾಳಿ ರೇಡಿಯೇಟರ್ ಮೂಲಕವೇ ಹೋಗಬೇಕು, ಪಕ್ಕದ ಸಂದಿಗಳನ್ನು ತಗಡು, ಫೋಮ್ ಇಟ್ಟು ಮುಚ್ಚಿ. ಫ್ಯಾನ್‌ಗೆ ಪೂರ್ತಿ ಶ್ರೌಡ್ (ಸುತ್ತಲಿನ ಹೊದಿಕೆ) ಇರಲಿ. ಬಿಸಿ ಯಾವಾಗ ಏರುತ್ತದೆ ನೋಡಿ: ನಿಂತಾಗ ಏರಿ ಓಡುವಾಗ ಇಳಿದರೆ ಫ್ಯಾನ್ ಕಡೆಯ ಸಮಸ್ಯೆ, ಓಡುವಾಗಲೇ ಏರಿದರೆ ಗಾಳಿಯ ದಾರಿ ಅಥವಾ ರೇಡಿಯೇಟರ್ ಸಾಲುತ್ತಿಲ್ಲ. ನೀರು ತುಂಬಿಸುವಾಗ ಕಾರಿನ ಮೂತಿ ಎತ್ತಿ, ಹೀಟರ್ ತೆರೆದಿಟ್ಟು ಗಾಳಿ ಹೊರಹಾಕಿ.

ಮೇಲೆ 1.8 ಹಾಕಿ ಅಂದವರಿಗೆ ಒಂದು ಮಾತು. ಆ ಎಂಜಿನ್ ಕೂಡ ಹುಟ್ಟಿನಿಂದ ಅಡ್ಡ ಕೂರುವುದೇ, ಮಜ್ದಾ 323 ಅನ್ನೋ ಸಣ್ಣ ಕಾರಿನ ಮನೆಯದು. ಎಂಎಕ್ಸ್-5ಗೆ ಉದ್ದಕ್ಕೆ ತಿರುಗಿಸುವಾಗ ನೀರು ಹೊರಬರುವ ಜಾಗವನ್ನು ಮುಂದಕ್ಕೆ ತಂದರು. ಹಾಗಾಗಿ ಹಿಂದಿನ ಸಿಲಿಂಡರ್‌ಗೆ ನೀರು ಕಡಿಮೆ ಸಿಗುತ್ತದೆ. ಟರ್ಬೊ ಹಾಕಿ ಟ್ರ್ಯಾಕ್‌ಗೆ ಹೋಗುವವರು ಥರ್ಮೋಸ್ಟಾಟನ್ನು ಹಿಂದಕ್ಕೆ ಒಯ್ಯುವುದು ಅದಕ್ಕೇ. ಸುಲಭದ ದಾರಿಯಲ್ಲೂ ಹೋಂವರ್ಕ್ ಇದೆ ಅಂತ ಹೇಳಿದೆ ಅಷ್ಟೇ.

* * *

ನನ್ನದು ಎಂಎಕ್ಸ್-5 ಅಲ್ಲ, ಮಜ್ದಾದ್ದೇ ಇನ್ನೊಂದು ಸ್ಪೋರ್ಟ್ಸ್ ಕಾರು, ಎಫ್‌ಡಿ ಆರ್‌ಎಕ್ಸ್-7. ಅದರಲ್ಲಿದ್ದ 13ಬಿ ರೋಟರಿ ತೆಗೆದು ಜಿಎಂ ಕಂಪನಿಯ ಎಲ್‌ಎಸ್ ವಿ8 ಹಾಕಿದ್ದೇನೆ, ಹೌದು, ಬೈಯುವವರು ಸಾಲಲ್ಲಿ ಬನ್ನಿ. ವಿ8 ಅಂದ ತಕ್ಷಣ ದೊಡ್ಡದು ಅಂದುಕೊಳ್ಳುತ್ತಾರೆ. ಎಲ್‌ಎಸ್‌ನ ಕ್ಯಾಮ್‌ಶಾಫ್ಟ್ ಬ್ಲಾಕ್ ಒಳಗಿದೆ, ಹೆಡ್ ಮೇಲೆ ಕ್ಯಾಮ್‌ಗಳಿಲ್ಲ. ಅದಕ್ಕೇ ಅಗಲ, ಎತ್ತರ ಎರಡೂ ಕಡಿಮೆ.

ನಾನು ಹೇಳಬೇಕಾದ್ದು ಕೆಲಸದ ಕ್ರಮದ ಬಗ್ಗೆ. ಎಂಜಿನ್, ಬಣ್ಣ, ಸಸ್ಪೆನ್ಷನ್, ಇಂಟೀರಿಯರ್ ಎಲ್ಲಾ ಒಟ್ಟಿಗೆ ಬಿಚ್ಚಬೇಡಿ. ಡಬ್ಬಗಳಲ್ಲಿ ಮಾರಾಟಕ್ಕೆ ಬರುವ ಪ್ರಾಜೆಕ್ಟ್ ಕಾರುಗಳಲ್ಲಿ ಹೆಚ್ಚಿನವು ಹಾಗೇ ಹುಟ್ಟಿದವು. ಈಗ ಕಾರು ಹೊಗೆ ಬಿಟ್ಟರೂ ಓಡುತ್ತದಲ್ವಾ? ಅದು ಓಡುತ್ತಿರುವಾಗಲೇ ಬ್ರೇಕ್, ಬುಷ್, ಟೈರ್ ಮುಗಿಸಿ. ಆಮೇಲೆ ಎಂಜಿನ್ ತೆಗೆಯಿರಿ. ಹೊಸದು ಕೂತು, ಸ್ಟಾರ್ಟ್ ಆಗಿ, ಸೋರಿಕೆ ಇಲ್ಲದೆ ಸ್ವಲ್ಪ ಕಾಲ ಓಡಿದ ಮೇಲೆ ಬಣ್ಣದ ಯೋಚನೆ ಮಾಡಿ. ಬಣ್ಣ ಮೊದಲು ಹೊಡೆಸಿದರೆ ಎಂಜಿನ್ ಇಳಿಸುವಾಗ ಗೀರು ಬಿದ್ದೇ ಬೀಳುತ್ತದೆ.

ಅಳತೆ ನೋಡಲು ಖಾಲಿ ಬ್ಲಾಕ್ ಮತ್ತು ಹೆಡ್ ಸಾಕು. ಇಳಿಸಿ, ಎತ್ತಿ, ಮತ್ತೆ ಇಳಿಸಿ, ಬಾನೆಟ್ ಮುಚ್ಚಿ ನೋಡಿ. ಸ್ಟಾರ್ಟರ್, ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಬೋಲ್ಟ್ ಹಾಕಿಯೇ ನೋಡಿ. ಸ್ಟೀರಿಂಗನ್ನು ಎರಡೂ ಕೊನೆವರೆಗೆ ತಿರುಗಿಸಿ. ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಬೋಲ್ಟ್‌ಗೆ ಚೀಟಿ.

* * *

ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಸ್ಟೀರಿಂಗ್ ಬಲಗಡೆಯೇ ಇದೆ, ಹಾಗಾಗಿ ಎಕ್ಸಾಸ್ಟ್ ಮಾತು ಕೇಳಿ ನಿದ್ದೆ ಹೋಯಿತು. ಎರಡು ವಿಷಯ ಹೇಳಿ. ಹಳೇ ಗೇರ್‌ಬಾಕ್ಸ್, ಡಿಫ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್) ಉಳಿಸಿಕೊಳ್ಳಬಹುದಾ? ಮೌಂಟ್ ಗಟ್ಟಿಯದು ಹಾಕಲಾ?

* * *

ಗೇರ್‌ಬಾಕ್ಸ್ ಉಳಿಸಿ. ನಿಮ್ಮ ಕಾರಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫ್ ನಡುವೆ ಒಂದು ಅಲ್ಯೂಮಿನಿಯಂ ತೊಲೆ ಇದೆ, ಪವರ್ ಪ್ಲಾಂಟ್ ಫ್ರೇಮ್ ಅನ್ನುತ್ತಾರೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಮುಂದೆ ಜಿಗಿಯುವ ಆ ನೇರತನಕ್ಕೆ ಅದೂ ಒಂದು ಕಾರಣ. ಬೇರೆ ಗೇರ್‌ಬಾಕ್ಸ್ ತಂದರೆ ಅದನ್ನು ಬಿಟ್ಟು ಡಿಫ್ ಹಿಡಿಯಲು ಹೊಸ ವ್ಯವಸ್ಥೆ ಕಟ್ಟಬೇಕು. ನಿಮ್ಮ ಬಳಕೆಗೆ ಅಷ್ಟು ಬೇಡ.

ಡಿಫ್ ಮಾತ್ರ ಬದಲಿಸಿ. 1.6ರ ಡಿಫ್ ಚಿಕ್ಕದು, ಕೆ24 ಎಳೆತಕ್ಕೆ ತಾಳುವುದಿಲ್ಲ. 1.8 ಕಾರಿನದು ದೊಡ್ಡದು, ಅದಕ್ಕೆ ಸೇರಿದ ಆಕ್ಸಲ್, ಪ್ರೊಪೆಲರ್ ಶಾಫ್ಟ್ ಸಮೇತ ತನ್ನಿ. ಫೈನಲ್ ಡ್ರೈವ್, ಅಂದರೆ ಡಿಫ್‌ನ ಗೇರ್ ಅನುಪಾತ, ಅದನ್ನೂ ಯೋಚಿಸಿ. ಹಳೇ 1.6ರದು 4.3. ಅದನ್ನು 3.6ರ ಆಸುಪಾಸಿಗೆ ಇಳಿಸಿದರೆ ಅದೇ ವೇಗಕ್ಕೆ ಆರ್‌ಪಿಎಂ ಸುಮಾರು ಶೇ 16 ಇಳಿಯುತ್ತದೆ. ಹೆದ್ದಾರಿಯಲ್ಲಿ 4000ದಲ್ಲಿ ಕಿರುಚುವ ಕಾರು 3350ಕ್ಕೆ ಬರುತ್ತದೆ. ಕೆ24ಗೆ ಕೆಳಗಿನ ಎಳೆತ ಬೇಕಾದಷ್ಟಿದೆ, ಮೊದಲ ಗೇರ್ ಸುಮ್ನೆ ವ್ಯರ್ಥವಾಗುವುದೂ ತಪ್ಪುತ್ತದೆ.

ಮೌಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಪೂರ್ತಿ ಲೋಹದ್ದು ಬೇಡವೇ ಬೇಡ. ದೊಡ್ಡ ನಾಲ್ಕು ಸಿಲಿಂಡರ್‌ನ ನಡುಕ ನೇರ ಸೀಟಿಗೆ, ಕನ್ನಡಿಗೆ ಬರುತ್ತದೆ. ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡಾಗಿ ಕಾಣುತ್ತದೆ. ಮೆದು ಪಾಲಿಯುರೆಥೇನ್ ಸಾಕು. ನಿಮ್ಮ ರುಚಿ ಅಂದಿರಲ್ಲ, ಅದನ್ನು ಕೈಕಾಲು ಮುಟ್ಟುವಲ್ಲಿ ತೋರಿಸಿ. ಸೀಟು ಎಷ್ಟು ತಗ್ಗಿನಲ್ಲಿ ಇರಬೇಕು, ಗೇರ್ ಗುಬ್ಬಿ ಎಷ್ಟು ಎತ್ತರ, ಬ್ರೇಕ್ ಒತ್ತಿದಾಗ ಆಕ್ಸಿಲರೇಟರ್ ಪೆಡಲ್ ಪಾದದ ಅಂಚಿಗೆ ಸಿಗುತ್ತದಾ. ಇದಕ್ಕೆ ಆಗುವ ಖರ್ಚು ಕಡಿಮೆ, ಪ್ರತಿ ಸಲ ಕೂತಾಗಲೂ ಗೊತ್ತಾಗುತ್ತದೆ.

* * *

ಒಂದು ಬಿಟ್ಟುಹೋಯಿತು. ಮಜ್ದಾ ಗೇರ್‌ಬಾಕ್ಸ್‌ಗೆ ಹೋಂಡಾ ಎಂಜಿನ್ ಸೇರಿಸುವ ಅಡಾಪ್ಟರ್ ಪ್ಲೇಟ್ ಹಾಕುವಾಗ ಜಾಗ ತಪ್ಪದಂತೆ ಹಿಡಿಯುವ ಡೋವೆಲ್ ಪಿನ್‌ಗಳು ಎರಡೂ ಕಡೆ ಇರಲೇಬೇಕು. ಬೋಲ್ಟ್ ಬಿಗಿದರೆ ಸಾಕು ಅಂತ ಬಿಟ್ಟರೆ ಕ್ರ್ಯಾಂಕ್ ಮತ್ತು ಇನ್‌ಪುಟ್ ಶಾಫ್ಟ್ ಒಂದೇ ಗೆರೆಯಲ್ಲಿ ಕೂರುವುದಿಲ್ಲ, ಬೇರಿಂಗ್ ತಿಂದುಹಾಕುತ್ತದೆ. ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟ್‌ನ ತುದಿ ಹಿಡಿಯುವುದು) ಅಳತೆ ಕಿಟ್ ಕೊಟ್ಟವರನ್ನು ಕೇಳಿ ತಗೊಳ್ಳಿ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದು, ಆಯಿಲ್ ಪ್ರೆಶರ್ ಏರುವವರೆಗೆ ಕ್ರ್ಯಾಂಕ್ ಮಾಡಿ. ಟೈಮಿಂಗ್ ಲೈಟ್ ಹಿಡಿದು ಇಸಿಯು ತೋರಿಸುವ ಡಿಗ್ರಿಯೂ ಎಂಜಿನ್ ಮೇಲಿನ ಗುರುತೂ ಒಂದೇನಾ ಅಂತ ನೋಡದೆ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತಿಸಬೇಡಿ. ಬಲಗಡೆ ಸ್ಟೀರಿಂಗ್‌ಗೆ ಹೊಂದುವ ಹೆಡರ್ ಸಿಕ್ಕಿತಾ ಅಂತ ಇಲ್ಲೇ ಬರೆಯಿರಿ, ನನ್ನ ತಮ್ಮನೂ ಅದನ್ನೇ ಹುಡುಕುತ್ತಿದ್ದಾನೆ.