‘ಆಕ್ಚುಲಿ’ಗೆ ಕನ್ನಡದಲ್ಲಿ ಏನು ಹಾಕೋದು?

ಸಿನಿಮಾದ ಇಂಗ್ಲಿಷ್ ಸ್ಕ್ರಿಪ್ಟಿಗೆ ಕನ್ನಡ ಸಬ್‌ಟೈಟಲ್ ಬರೀತಿದೀನಿ, ‘ಆಕ್ಚುಲಿ’ಗೆ ಏನು ಹಾಕೋದು, ಆ ಪದದ ಮೂಲ ಏನು ಅಂತ ಕೇಳಿದೀರಿ. ನಾಳೆ ಸಂಜೆಯೊಳಗೆ ಕೊಡ್ಬೇಕು ಅಂದಿದೀರಿ, ಅದಕ್ಕೆ ಮೊದಲು ಕೆಲಸದ ಮಾತು. ಆಕ್ಚುಲಿ ಬಂದಲ್ಲೆಲ್ಲ ‘ವಾಸ್ತವವಾಗಿ’ ತುರುಕಬೇಡಿ. ‘ಹೀ ಆಕ್ಚುಲಿ ಕೇಮ್’ ಅನ್ನೋದನ್ನ ‘ಅವನು ವಾಸ್ತವವಾಗಿ ಬಂದನು’ ಅಂತ ಬರೆದ್ರೆ ಕೋರ್ಟಲ್ಲಿ ಸಾಕ್ಷಿ ನುಡಿದಂಗಿರುತ್ತೆ. ನಾವು ‘ಬಂದೇಬಿಟ್ಟ’ ಅಂತೀವಿ, ಬರಲ್ಲ ಅಂದ್ಕೊಂಡಿದ್ದೋನು ಬಂದ ಅನ್ನೋ ಆಶ್ಚರ್ಯ ಪೂರ್ತಿ ಆ ಏಕಾರದಲ್ಲಿ, ‘ಬಿಟ್ಟ’ದಲ್ಲಿ ಇದೆ, ಬೇರೆ ಪದವೇ ಬೇಕಾಗಿಲ್ಲ. ಹಾಗೇ ‘ಆಕ್ಚುಲಿ ಓದಿಲ್ಲ’ ಅಂದ್ರೆ ‘ಓದೇ ಇಲ್ಲ’. ಮಾತಾಡ್ತಾ ಮನಸ್ಸು ಬದಲಾಯಿಸಿದ್ರೆ ‘ಬೇಡ ಬೇಡ, ನಾಳೆನೇ ಹೋಗೋಣ’. ಎದುರಿನವರನ್ನ ಮೆಲ್ಲಗೆ ತಿದ್ದೋದಾದ್ರೆ ‘ಹಾಗಲ್ಲ’. ತೋರೋದೊಂದು ಇರೋದೊಂದು ಅಂತ ಹೇಳೋ ಕಡೆ ಮಾತ್ರ ‘ನಿಜಕ್ಕೂ’ ಅಥವಾ ‘ವಾಸ್ತವವಾಗಿ’.

ಪದದ ಮೂಲ ಕೇಳಿದ್ರಲ್ಲ. ಲ್ಯಾಟಿನ್ನಿನ ‘ಆಗೆರೆ’, ಅಂದ್ರೆ ಮಾಡು, ಅದರಿಂದ ‘ಆಕ್ಟುಸ್’, ಆಮೇಲೆ ‘ಆಕ್ಟುವಾಲಿಸ್’, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಮಧ್ಯಯುಗದ ತತ್ವಶಾಸ್ತ್ರದಲ್ಲಿ ಆಕ್ಟುಸ್‌ಗೆ ಎದುರುಪದ ‘ಪೊಟೆನ್ಷಿಯಾ’, ಬೀಜಕ್ಕೆ ಮರ ಆಗೋ ಶಕ್ತಿ ಇರೋದು ಪೊಟೆನ್ಷಿಯಾ, ಮರ ಆಗಿಯೇ ನಿಂತಿರೋದು ಆಕ್ಟುಸ್. ನಮ್ಮ ‘ಬಂದೇಬಿಟ್ಟ’ ಇದಕ್ಕೆ ಎಷ್ಟು ಹತ್ತಿರ ಇದೆ ನೋಡಿ, ‘ವಾಸ್ತವ’ಕ್ಕಿಂತ ಹತ್ತಿರ. ಇನ್ನೊಂದು, ಫ್ರೆಂಚಿನಲ್ಲಿ ಇದೇ ಪದ ‘ಆಕ್ಟ್ಯುಎಲ್‌ಮಾಂ’ ಅಂದ್ರೆ ‘ಸದ್ಯ, ಈಗ’ ಅಂತ, ಜರ್ಮನ್ನಿನ ‘ಆಕ್ಟುಎಲ್’ ಕೂಡ ಅಷ್ಟೇ. ನಿಮ್ಮ ಸಿನಿಮಾದ ಇಂಗ್ಲಿಷ್ ಸ್ಕ್ರಿಪ್ಟ್ ಫ್ರೆಂಚಿಂದ ಬಂದಿದ್ರೆ ಮೂಲದ ಡೈಲಾಗ್ ಒಂದ್ಸಲ ಕೇಳಿಸ್ಕೊಳ್ಳಿ, ಅಲ್ಲಿ ‘ಈಗ’ ಅಂತ ಇದ್ದಿರಬಹುದು.

ಇನ್ನು ‘ಅಸಲಿಗೆ’ ಅಚ್ಚಗನ್ನಡ, ಅದನ್ನೇ ಹಾಕಿ ಅಂದೋರಿಗೆ: ಅಲ್ಲ. ಅಸಲು ಅರಬ್ಬಿ ಪದ, ಬೇರು ಅಂತ ಅರ್ಥ, ಅಸಲು ಬಡ್ಡಿ ಲೆಕ್ಕದಲ್ಲಿ ಬರೋದೂ ಅದೇ. ‘ನಿಜ’ ಸಂಸ್ಕೃತದ್ದು, ಅಲ್ಲಿ ‘ತನ್ನದೇ ಆದ’ ಅಂತ, ‘ನಿಜಗುಣ’ದಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಅರಬ್ಬಿಯದು ಅಚ್ಚಗನ್ನಡ ಆಗುತ್ತೆ, ಇಂಗ್ಲಿಷಿಂದು ಮಾತ್ರ ಮೈಲಿಗೆ ಅನ್ನೋದು ಯಾವ ನ್ಯಾಯ? ಪಾತ್ರ ಈಗಿನ ಕಾಲೇಜು ಹುಡುಗಿಯಾದ್ರೆ ಅವಳ ಬಾಯಲ್ಲಿ ‘ಆಕ್ಚುಲಿ’ನೇ ಇರಲಿ, ಅವಳು ಮಾತಾಡೋದೇ ಹಾಗೆ. ಇದಕ್ಕೆ ಅಂತ ಹೊಸ ಪದ ಕಟ್ಟೋಣ ಅನ್ನೋ ಸಲಹೆಗೆ ನಂದು ಖಡಾಖಂಡಿತ ವಿರೋಧ, ಆ ಕೆಲಸ ಏಕಾರ ಮಾಡ್ತಿದೆ, ಮೊದಲು ಅದನ್ನ ನೆಟ್ಟಗೆ ಬಳಸಿ.

ನೀವು ಕಳಿಸಿದ ಡೈಲಾಗುಗಳಲ್ಲಿ ಎರಡನೇ ಸಾಲು ಅರ್ಧಕ್ಕೇ ನಿಂತಿದೆ. ಯಾರು ಯಾರಿಗೆ ಹೇಳೋದು ಅದು? ಹಿಂದಿನ ಮಾತೂ ಸೇರಿಸಿ ಹಾಕಿ, ಇವತ್ತು ರಾತ್ರಿನೇ ನೋಡ್ತೀನಿ.