ಅಮರಿಲ್ಲಿಸ್ ಎಲೆ ಕತ್ತರಿಸಿದ್ದೇ ತಪ್ಪಾಯ್ತಾ? ಗೆಡ್ಡೆ ಹೂಗಿಡ ಬೆಳೆಸುವವರು ಅನುಭವ ಹೇಳಿ

ಪ್ರಶ್ನೆ, ನಾಪೋಕ್ಲು ಕಡೆಯಿಂದ:
ನಮ್ಮ ಅಂಗಳದ ಅಂಚಿಗೆ ಅತ್ತೆ ನೆಟ್ಟ ಕೆಂಪು ಅಮರಿಲ್ಲಿಸ್ ಸಾಲಿದೆ. ಪ್ರತಿ ವರ್ಷ ಹೂಮಳೆ ಬಿದ್ದು ತೋಟದಲ್ಲಿ ಕಾಫಿ ಅರಳಿ ಬಾಡುವಷ್ಟರಲ್ಲಿ ಇವೂ ದಂಟು ಎತ್ತುತ್ತಿದ್ದವು. ಈ ಸಲ ನಲವತ್ತು ಬುಡಕ್ಕೆ ಮೂರೇ ಮೂರು ಹೂ. ಹೋದ ಜೂನ್‌ನಲ್ಲಿ ಮಳೆ ಹಿಡಿಯೋ ಮೊದಲು ಅಂಗಳ ಚೊಕ್ಕ ಆಗಲಿ ಅಂತ ಎಲೆಯನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿದ್ದೆ. ಅದೇ ಕಾರಣವಾ? ಡೇಲಿಯಾ, ಗ್ಲಾಡಿಯೋಲಸ್‌ಗೆ ನೀವೆಲ್ಲ ಯಾವಾಗ ಕತ್ತರಿ ಹಾಕ್ತೀರಿ?

ಮಡಿಕೇರಿಯಿಂದ:
ಅಕ್ಕ, ಅದೇ ಕಾರಣ. ನಾನೂ ಇದೇ ತಪ್ಪು ಮಾಡಿದವಳು, ಅದೂ ಎರಡು ವರ್ಷ ಸಾಲಾಗಿ. ನಮ್ಮದೆಲ್ಲ ಕಾಫಿಯವರ ಕೈ ನೋಡಿ. ಕುಯ್ಲು ಮುಗಿದರೆ ಗಿಡಕಸಿ ಅಂತ ಕಾಫಿ ರೆಂಬೆ ಸವರೋದು, ಮಳೆಗೆ ಮೊದಲು ನೆರಳಿನ ಮರದ ಕೊಂಬೆ ಕಡಿಯೋ ಕಪಾತು. ಕತ್ತರಿಸಿದಷ್ಟೂ ಚಿಗುರುತ್ತೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಗೆಡ್ಡೆ ಗಿಡದ ಲೆಕ್ಕವೇ ಬೇರೆ. ಹೂ ಮುಗಿದ ಮೇಲೆ ಎಲೆ ಸುಮ್ಮನೆ ನಿಂತಿರೋದಿಲ್ಲ. ಬಿಸಿಲು ಕುಡಿದು ಗೆಡ್ಡೆಗೆ ಊಟ ಕಳಿಸ್ತಾ ಇರುತ್ತೆ. ಮುಂದಿನ ಹೂವಿನ ಮೊಗ್ಗು ಕಟ್ಟೋದು ಆ ಗೆಡ್ಡೆಯ ಒಳಗೇ. ಒಮ್ಮೆ ಅರ್ಧ ಕೊಳೆತ ಗೆಡ್ಡೆಯನ್ನು ಈರುಳ್ಳಿ ಸೀಳಿದ ಹಾಗೆ ಉದ್ದಕ್ಕೆ ಸೀಳಿ ನೋಡಿದೆ. ಪದರಗಳ ನಡುವೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ತಿಳಿಹಸಿರು ಮೊಗ್ಗು ಕೂತಿತ್ತು. ಅವತ್ತಿನಿಂದ ಹಸಿರೆಲೆಗೆ ಕತ್ತರಿ ಹಾಕೋಕೆ ಕೈ ಬರಲ್ಲ.

ನಾನೀಗ ಮಾಡೋದಿಷ್ಟು. ಹೂ ಬಾಡಿದ ಕೂಡಲೇ ಅದರ ಹಿಂದಿನ ಕಾಯಿ ಉಬ್ಬುವ ಮೊದಲೇ ಚಿವುಟಿ ಹಾಕ್ತೀನಿ, ಬೀಜಕ್ಕೆ ಬಿಟ್ಟರೆ ಗೆಡ್ಡೆಯ ಶಕ್ತಿ ಅಲ್ಲಿಗೇ ಹೋಗುತ್ತೆ. ದಂಟು ಹಳದಿಯಾಗಿ ಮೆತ್ತಗಾದ ಮೇಲೆ ಗೆಡ್ಡೆಯ ಕುತ್ತಿಗೆಗಿಂತ ಎರಡು ಬೆರಳು ಮೇಲೆ ಓರೆಯಾಗಿ ಕತ್ತರಿಸ್ತೀನಿ. ಎಲೆ ಹಳದಿಯಾಗಿ, ಮೆಲ್ಲಗೆ ಎಳೆದರೆ ತಾನಾಗಿ ಬಂದರೆ ಮಾತ್ರ ತೆಗೀತೀನಿ. ಸುಮಾರು ನಾಲ್ಕು ಎಲೆಗೊಂದು ದಂಟು ಅನ್ನೋದು ಅಮರಿಲ್ಲಿಸ್ ಬೆಳೆಯೋರ ಲೆಕ್ಕ. ನಿಮ್ಮ ಬುಡಗಳಲ್ಲಿ ಈಗ ಎಷ್ಟೆಷ್ಟು ಎಲೆ ಇದೆ, ಎಣಿಸಿ ನೋಡಿ.

ಶನಿವಾರಸಂತೆಯಿಂದ:
ಮಡಿಕೇರಿಯವರು ಹೇಳಿದ್ದು ಸರಿ, ಆದರೆ ನಮ್ಮ ಕಡೆ ಅಷ್ಟು ಸುಲಭ ಇಲ್ಲ. ಮಳೆಗಾಲದಲ್ಲಿ ಎಲೆ ಒತ್ತಾಗಿದ್ದರೆ ಆಫ್ರಿಕನ್ ಬಸವನಹುಳು ಅದರಡಿಗೇ ಬಿಡಾರ ಹೂಡುತ್ತೆ. ನಾನು ನೆಲಕ್ಕೆ ತಾಗಿದ ಹೊರಗಿನ ಒಂದೆರಡು ಎಲೆ ತೆಗೆದು ಬುಡಕ್ಕೆ ಗಾಳಿ ಆಡೋ ಹಾಗೆ ಮಾಡ್ತೀನಿ, ರಾತ್ರಿ ಟಾರ್ಚ್ ಹಿಡಿದು ಹುಳು ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕ್ತೀನಿ. ಕಪ್ಪು ಮೈಮೇಲೆ ಚುಕ್ಕಿ ಇರೋ ಕಂಬಳಿಹುಳ ಬಂದರೆ ಮಾತ್ರ ದಯೆ ಬೇಡ. ಎರಡು ದಿನದಲ್ಲಿ ಎಲೆ ಮುಗಿಸಿ ಗೆಡ್ಡೆಗೇ ಇಳಿಯುತ್ತೆ. ಮರಿ ಗುಂಪಾಗಿರೋ ಎಲೆ ಹಸಿರಾಗಿದ್ದರೂ ಕತ್ತರಿಸಿ ಸುಡೋದೇ.

ವಿರಾಜಪೇಟೆಯಿಂದ:
ಡೇಲಿಯಾಗೆ ಈ ನಿಯಮ ಪೂರ್ತಿ ಅನ್ವಯಿಸಲ್ಲ. ಅದು ಕತ್ತರಿ ಕೇಳೋ ಗಿಡವೇ. ನಾಲ್ಕೈದು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲು ಒಡೆಯುತ್ತೆ. ದೊಡ್ಡ ಹೂ ಬೇಕಾದರೆ ನಡುವಿನ ಮೊಗ್ಗು ಉಳಿಸಿ ಪಕ್ಕದ ಎರಡು ತೆಗೀಬೇಕು. ಬಾಡಿದ್ದನ್ನು ತೆಗೀತಾ ಇದ್ದರೆ ಹೊಸ ಮೊಗ್ಗು ಬರ್ತಾ ಇರುತ್ತೆ. ಬಾಡಿದ ಹೂ ಚೂಪಾಗಿರುತ್ತೆ, ಮೊಗ್ಗು ಗುಂಡಗೆ. ಅವಸರದಲ್ಲಿ ನಾನು ಎಷ್ಟೋ ಸಲ ಮೊಗ್ಗನ್ನೇ ಚಿವುಟಿದ್ದೀನಿ.

ಗಿಡ ಒಣಗಿದ ಮೇಲೆ ಗೇಣುದ್ದ ಕಾಂಡ ಬಿಟ್ಟು ಕತ್ತರಿಸಿ. ಆ ಕಾಂಡ ಟೊಳ್ಳು, ಮಳೆನೀರು ಅದರೊಳಗೆ ಇಳಿದರೆ ಗೆಡ್ಡೆ ಕೊಳೆತಂತೆಯೇ. ಒಂದು ಮಳೆಗಾಲ ನನ್ನದು ಪೂರ್ತಿ ಗಂಜಿಯಾಗಿತ್ತು. ಈಗ ಅಗೆದು, ಮಣ್ಣು ಉದುರಿಸಿ, ನೆರಳಲ್ಲಿ ಆರಿಸಿ, ಮರಳು ತುಂಬಿದ ಡಬ್ಬಿಯಲ್ಲಿ ಅಟ್ಟಕ್ಕೆ ಹಾಕ್ತೀನಿ. ಬೇರೆ ಮಾಡುವಾಗ ಪ್ರತಿ ಗೆಡ್ಡೆಗೂ ಹಳೇ ಕಾಂಡದ ಬುಡದ ಒಂದು ಕಣ್ಣು ಇರಲೇಬೇಕು. ಕಣ್ಣಿಲ್ಲದ್ದು ಎಷ್ಟೇ ದಪ್ಪ ಇದ್ದರೂ ಮೊಳೆಯಲ್ಲ.

ಗ್ಲಾಡಿಯೋಲಸ್ ಹೂದಾನಿಗೆ ಕೊಯ್ಯುವಾಗ ಗಿಡದಲ್ಲಿ ಕನಿಷ್ಠ ನಾಲ್ಕು ಎಲೆ ಉಳಿಸಿ. ಎಲೆ ಹಳದಿಯಾಗೋಕೆ ಒಂದೂವರೆ, ಎರಡು ತಿಂಗಳು ಬೇಕು, ಆಮೇಲೆ ಅಗೆಯಿರಿ. ಹಳೇ ಗೆಡ್ಡೆ ಒಣಗಿದ ಬಿಲ್ಲೆಯ ಹಾಗೆ ಕೆಳಗಿರುತ್ತೆ, ಹೊಸದು ಅದರ ಮೇಲೆ. ಬಿಲ್ಲೆ ಮುರಿದು ಎಸೀರಿ.

ಸುಂಟಿಕೊಪ್ಪದಿಂದ:
ಸುಗಂಧರಾಜದ್ದೂ ಹೇಳ್ತೀರಾ? ದಂಟು ಕತ್ತರಿಸಿದ ಬುಡದಲ್ಲಿ ಮತ್ತೆ ಬರ್ತಾನೇ ಇಲ್ಲ.

ವಿರಾಜಪೇಟೆಯಿಂದ:
ಅದರಲ್ಲಿ ಬರಲ್ಲ ಅಣ್ಣ. ಸುಗಂಧರಾಜದ ಒಂದು ಗೆಡ್ಡೆ ಒಂದೇ ಸಲ ಹೂ ಬಿಡೋದು. ಪಕ್ಕದ ಮರಿಗಳು ಬಲಿತ ಮೇಲೆ ಹೂ. ಬುಡ ಒತ್ತಾಗಿದ್ದರೆ ಕಿತ್ತು ಬೇರೆ ಮಾಡಿ ನೆಡಿ.

ಪೊನ್ನಂಪೇಟೆಯಿಂದ:
ಯಾರೂ ತೋಕ್ ಪೂ, ಅಂದ್ರೆ ಅಗ್ನಿಶಿಖೆ ಬಳ್ಳಿಯ ಹೆಸರೆತ್ತಲಿಲ್ಲವಲ್ಲ! ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ, ಅದೇ ಕೊಡವರ ಆಯುಧಪೂಜೆ ಹಬ್ಬಕ್ಕೆ, ಅದರ ಹೂ ಕೋವಿಗೆ ಕಟ್ಟೋಕೆ ಅಂತ ನಮ್ಮ ಬೇಲಿಯಲ್ಲಿ ಉಳಿಸಿಕೊಂಡು ಬಂದಿದ್ದೀವಿ. ಹಿಂದೆ ಮಕ್ಕಳು ಬಳ್ಳಿಯನ್ನೇ ಎಳೆದು ತರ್ತಿದ್ರು, ಮರುವರ್ಷ ಬಳ್ಳಿ ಬಡವಾಗ್ತಿತ್ತು. ಈಗ ಹೂವನ್ನು ಅದರ ತೊಟ್ಟಿನ ಸಮೇತ ಮಾತ್ರ ಚಿವುಟಿ ಅಂತ ಹೇಳಿದ್ದೀನಿ, ಎಲೆ ಬಳ್ಳಿಯಲ್ಲೇ ಇರಲಿ. ಮಳೆ ಹೋದ ಮೇಲೆ ಅದು ತಾನೇ ಒಣಗುತ್ತೆ, ಆಗ ಬುಡಕ್ಕೆ ಕತ್ತರಿಸಿದರೆ ಸಾಕು. ನೇಗಿಲಿನ ಹಾಗೆ ಬಾಗಿರೋ ಅದರ ಗೆಡ್ಡೆ ಘೋರ ವಿಷ. ಗೆಣಸು ಅಂದ್ಕೊಂಡು ಯಾರಾದ್ರೂ ಬಾಯಿಗಿಟ್ಟರೆ ಜೀವಕ್ಕೇ ಅಪಾಯ. ಅಗೆದ ಮೇಲೆ ಕೈ ತೊಳೀರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ನಾಪೋಕ್ಲು, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಎಲೆ ಎಣಿಸಿದೆ, ಹೆಚ್ಚಿನ ಬುಡಗಳಲ್ಲಿ ಎರಡೇ. ಒಂದನ್ನು ಕೆದಕಿ ನೋಡಿದರೆ ಮುಷ್ಟಿ ಗಾತ್ರ ಇರಬೇಕಾದ ಗೆಡ್ಡೆ ಸಾಂಬಾರ್ ಈರುಳ್ಳಿಯಷ್ಟಾಗಿದೆ. ಹಟ್ಟಿಗೊಬ್ಬರ ಹಾಕಿ ಮುಚ್ಚಿದೆ. ಈ ಜೂನ್‌ನಲ್ಲಿ ಕತ್ತರಿ ಮುಟ್ಟಲ್ಲ ಅಂತ ಅತ್ತೆಗೆ ಹೇಳಿದ್ದಕ್ಕೆ, "ಹೋದ ವರ್ಷವೇ ಹೇಳಿದ್ನಲ್ಲ, ಆಗ ಕೇಳಿಸಲಿಲ್ವಾ?" ಅಂದ್ರು.