29ನೇ ವಯಸ್ಸಿಗೇ ಬ್ಯೂರೋ ಮುಖ್ಯಸ್ಥ: ಎಡ್ಗರ್ ಹೂವರ್ ಮೇಲೆ ಬಂದದ್ದು ಹೇಗೆ?

ಕಡತಪ್ರಿಯ:
ಎಡಪಂಥೀಯ ವಿದೇಶಿಯರನ್ನು ಸಾಮೂಹಿಕವಾಗಿ ಬಂಧಿಸಿದ 1920ರ ಪಾಮರ್ ದಾಳಿಗಳಿಂದ ಅಮೆರಿಕದ ನ್ಯಾಯ ಇಲಾಖೆಯ ಮಾನ ಹೋಗಿತ್ತು. ಅದರ ಸಿದ್ಧತೆ ನಡೆಸಿದ್ದ ಜೆ. ಎಡ್ಗರ್ ಹೂವರ್‌ಗೇ 1924ರಲ್ಲಿ ಆ ಇಲಾಖೆಯ ತನಿಖಾ ಬ್ಯೂರೋ (ಮುಂದೆ ಎಫ್‌ಬಿಐ ಆದದ್ದು) ಸಿಕ್ಕಿತು. ಬರೀ ಶಿಫಾರಸಾ?

ಹಳೇ ಗುಮಾಸ್ತ:
ಶಿಫಾರಸಿಗಿಂತ ಕಾರ್ಡು ಹೆಚ್ಚು ಕೆಲಸ ಮಾಡಿತು. 1913ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಣ್ಣ ನೌಕರಿ, ಸಂಜೆ ಕಾನೂನು ಓದು, 1917ರ ಜುಲೈಯಲ್ಲಿ ನ್ಯಾಯ ಇಲಾಖೆ. 1919ರ ಜೂನ್ 2ರಂದು ಆ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಪಾಮರ್ ಮನೆ ಮುಂದೆ ಬಾಂಬ್ ಸಿಡಿಯಿತು. ಆಗಸ್ಟ್‌ಗೆ ತೀವ್ರ ಎಡಪಂಥೀಯರ ಮೇಲೆ ಕಣ್ಣಿಡುವ ರಾಡಿಕಲ್ ವಿಭಾಗ 24ರ ಹೂವರ್ ಕೈಗೆ ಬಂತು. ಗ್ರಂಥಾಲಯದ ಪದ್ಧತಿಯನ್ನೇ ಅಲ್ಲಿಗೆ ತಂದ: ಆಸಾಮಿಗೊಂದು ಕಾರ್ಡು, ಸಂಘಟನೆಗೊಂದು, ಪತ್ರಿಕೆಗೊಂದು, ಊರಿಗೊಂದು, ಒಂದರಲ್ಲಿ ಇನ್ನೊಂದರ ಉಲ್ಲೇಖ. ಊರಿನ ಹೆಸರು ಹಿಡಿದು ಹೊರಟರೂ ಮನುಷ್ಯ ಸಿಗುತ್ತಿದ್ದ. 1921ರ ಹೊತ್ತಿಗೆ ಸುಮಾರು 4.5 ಲಕ್ಷ ಕಾರ್ಡು. ಇದು ಕೈಯಲ್ಲಿದ್ದವನನ್ನು ಯಾವ ಮೇಲಧಿಕಾರಿ ಬಿಟ್ಟುಕೊಡುತ್ತಾನೆ?

ಕಲಂ22:
ಕಾರ್ಡಿನ ಹುಳುಕೂ ಅಲ್ಲೇ ಇತ್ತು. 1918ರ ವಲಸೆ ಕಾಯ್ದೆ ಪ್ರಕಾರ ವಿದೇಶಿಯನ್ನು ಗಡೀಪಾರು ಮಾಡಲು ಅಪರಾಧ ಸಾಬೀತಾಗಬೇಕಿಲ್ಲ, ನಿಷಿದ್ಧ ಸಂಘಟನೆಯ ಸದಸ್ಯನಾಗಿದ್ದರೆ ಸಾಕು. 1919ರ ಡಿಸೆಂಬರ್ 21ರಂದು ಬ್ಯುಫೋರ್ಡ್ ಹಡಗಿನಲ್ಲಿ ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಸೇರಿ 249 ಜನರನ್ನು ಸಾಗಹಾಕಿದರು. ಆದರೆ ಗಡೀಪಾರಿನ ವಾರಂಟು ಕಾರ್ಮಿಕ ಇಲಾಖೆಯದ್ದು, ನ್ಯಾಯ ಇಲಾಖೆಯದ್ದಲ್ಲ. 1920ರ ಜನವರಿ 2ರ ದಾಳಿಯ ನಂತರ ಅಲ್ಲಿನ ಸಹಾಯಕ ಕಾರ್ಯದರ್ಶಿ ಲೂಯಿಸ್ ಪೋಸ್ಟ್ ಒಂದೊಂದೇ ಫೈಲು ತೆಗೆದು ನೋಡಿದರು. ಸೋಷಲಿಸ್ಟ್ ಪಕ್ಷದ ಪಟ್ಟಿಯಿಂದ ಕಮ್ಯುನಿಸ್ಟ್ ಪಟ್ಟಿಗೆ ಹೆಸರು ತಾನಾಗೇ ವರ್ಗವಾಗಿತ್ತು, ಎಷ್ಟೋ ಜನರಿಗೆ ಅದರ ಸುಳಿವೂ ಇರಲಿಲ್ಲ. ಸಾವಿರಕ್ಕೂ ಹೆಚ್ಚು ವಾರಂಟು ರದ್ದಾದವು. ಮೇ 1ಕ್ಕೆ ದಂಗೆಯಾಗುತ್ತದೆ ಎಂಬ ಎಚ್ಚರಿಕೆಯೂ ಠುಸ್ಸಾಯಿತು. ಬೈಗುಳವೆಲ್ಲ ಪಾಮರ್ ತಲೆಗೆ ಬಂತು, ದಾಳಿಗೂ ಅವರದೇ ಹೆಸರು. ಹೂವರ್ ಮೇಜಿನ ಹಿಂದೆ ಉಳಿದ.

ಕಡತಪ್ರಿಯ:
ಸರಿ, 1924?

ಹಳೇ ಗುಮಾಸ್ತ:
1921ರಿಂದ ಹೂವರ್ ಬ್ಯೂರೋ ನಿರ್ದೇಶಕ ವಿಲಿಯಂ ಬರ್ನ್ಸ್‌ಗೆ ಸಹಾಯಕ. ನ್ಯಾಯ ಇಲಾಖೆಯ ತನಿಖೆಗೆ ಇಳಿದ ಸೆನೆಟರ್ ವೀಲರ್ ಬೆನ್ನಿಗೇ ಏಜೆಂಟರನ್ನು ಬಿಟ್ಟ ಹಗರಣದಲ್ಲಿ ಬರ್ನ್ಸ್ ಹೋದರು. ಹೊಸ ಅಟಾರ್ನಿ ಜನರಲ್ ಹಾರ್ಲನ್ ಸ್ಟೋನ್‌ಗೆ ಬೇಕಿದ್ದುದು ಲಂಚದ ವಾಸನೆಯಿಲ್ಲದ, ಕಚೇರಿಯ ಒಳಹೊರಗು ಗೊತ್ತಿದ್ದ ಆಳು. ಮೇ 10ಕ್ಕೆ ಹಂಗಾಮಿ, ಡಿಸೆಂಬರ್ 10ಕ್ಕೆ ಕಾಯಂ. ಸ್ಟೋನ್ ಷರತ್ತು ಬಿಗಿ: ಫೆಡರಲ್ ಕಾನೂನು ಮುರಿದ ಪ್ರಕರಣಕ್ಕಷ್ಟೇ ತನಿಖೆ, ಬೇಡದವರನ್ನು ಹೊರಹಾಕುವುದು, ಹೊಸಬರಲ್ಲಿ ಕಾನೂನು ಓದಿದವರಿಗೆ ಆದ್ಯತೆ.

ಕಲಂ22:
ಒಂದು ಸೇರಿಸಿ. ರಾಡಿಕಲ್ ವಿಭಾಗ ಮುಚ್ಚಿತು, ಕಾರ್ಡುಗಳನ್ನು ಯಾರೂ ಸುಡಲಿಲ್ಲ. ಅದೇ ಬೇಸಿಗೆಯಲ್ಲಿ ಲೆವನ್‌ವರ್ತ್ ಜೈಲಿನಿಂದಲೂ ಪೊಲೀಸ್ ಮುಖ್ಯಸ್ಥರ ಸಂಘದಿಂದಲೂ 8,10,188 ಬೆರಳಚ್ಚು ದಾಖಲೆಗಳು ಬ್ಯೂರೋಗೆ ಬಂದವು.